ತಿಜೋರಿ ಕನ್ನಡಿ ಮುಂದೆ ಹತ್ತು ನಿಮಿಷ

ತಲೆ ಬಾಚುವಾಗ, ವಿಭೂತಿ ಹಚ್ಚುವಾಗ ಎಲ್ಲರೂ ಕನ್ನಡಿ ನೋಡುತ್ತಾರೆ. ತನ್ನ ರೂಪ ತನಗೇ ಸೇರದವರು ಮಾತ್ರ ಬರೀ ಮೊಡವೆಯನ್ನೋ ಹೊಟ್ಟೆಯನ್ನೋ ನೋಡಿ ತಿರುಗುತ್ತಾರೆ. ಇಡೀ ಮೈ ನೋಡುವುದು, ಕಂಡದ್ದಕ್ಕೆ ಅಂಕ ಹಾಕದೆ ಹೇಳುವುದು ಇಲ್ಲಿನ ಅಭ್ಯಾಸ.

ಹುಬ್ಬಳ್ಳಿ-ಧಾರವಾಡದ ಎಷ್ಟೋ ಮನೆಗಳಲ್ಲಿ ತಿಜೋರಿ (ಬಟ್ಟೆಯ ಬೀರು) ಬಾಗಿಲಿಗೇ ಉದ್ದ ಕನ್ನಡಿ ಇರುತ್ತದೆ, ಅದೇ ಸಾಕು. ಹೊಸದು ತರುವುದಾದರೆ ನಿಮ್ಮ ಎತ್ತರದ ಅರ್ಧದಷ್ಟು ಇರಲಿ: 5 ಅಡಿ 4 ಇಂಚಿನವರಿಗೆ 2 ಅಡಿ 8 ಇಂಚು. ಮೇಲಂಚು ಕಣ್ಣಿಗೂ ನೆತ್ತಿಗೂ ನಡುವೆ ಬರುವಂತೆ ನೆಟ್ಟಗೆ ತೂಗುಹಾಕಿದರೆ ಪಾದದವರೆಗೂ ಕಾಣುತ್ತದೆ. ತೆಳು ಗಾಜು ಬಾಗಿರಬಹುದು. ಬಾಗಿಲ ಚೌಕಟ್ಟಿನ ಪ್ರತಿಬಿಂಬ ನೋಡುತ್ತ ತಲೆ ಆಡಿಸಿ. ಗೆರೆ ಕುಣಿದರೆ ಆ ಕನ್ನಡಿ ಬೇಡ.

ಕಿಟಕಿ ಬೆಳಕು ಮುಖಕ್ಕೆ ಬೀಳಲಿ. ನೆತ್ತಿಯ ಮೇಲಿನ ಬಲ್ಬು ಕಣ್ಣಿನ ಕೆಳಗೆ ಇಲ್ಲದ ಕಪ್ಪು ತರುತ್ತದೆ. ಕರೆಂಟ್ ಹೋದಾಗಂತೂ ಬೇಡ್ರಿ: ಮಬ್ಬಿನಲ್ಲಿ ಒಂದೇ ಕಡೆ ದಿಟ್ಟಿಸಿದರೆ ಸ್ವಂತ ಮುಖವೇ ವಿಕಾರವಾಗಿ ಕಾಣಬಹುದು. ಅದು ದೆವ್ವವಲ್ಲ, ಕಣ್ಣು-ಮಿದುಳಿನ ಆಟ.

ಮೂರು ಅಡಿ ದೂರ ನಿಂತು ಮೊಬೈಲಿನಲ್ಲಿ ಟೈಮರ್ ಇಡಿ. ಮೊದಲ ವಾರ ಮೂರು ನಿಮಿಷ, ಆಮೇಲೆ ಹತ್ತು; ವಾರಕ್ಕೆ ನಾಲ್ಕು ದಿನ. ಕೂದಲಿಂದ ಪಾದಕ್ಕೆ ಇಳಿಯುತ್ತ ಬಾಯಿಬಿಟ್ಟು ಹೇಳಿ. "ಇದು ಮೂಗಲ್ಲ, ಮಿರ್ಚಿ ಬಜಿ" ಅನ್ನುವುದು ತೀರ್ಪು. "ಮೂಗು ಗಿಡ್ಡ, ತುದಿ ದುಂಡಗೆ, ಎಡ ಹೊಳ್ಳೆಯಲ್ಲಿ ಮೂಗುತಿಯ ಹಳೇ ತೂತು" ಅನ್ನುವುದು ವಿವರಣೆ. ಹೊಟ್ಟೆಗೆ ಇಪ್ಪತ್ತು ಸೆಕೆಂಡ್ ಕೊಟ್ಟರೆ ಮೊಣಕೈಗೂ ಇಪ್ಪತ್ತು. ಯಾರೂ ಮೊಣಕೈ ನೋಡುವುದಿಲ್ಲ, ಕೆಡುವುದು ಅಲ್ಲೇ.

ಎದೆ ಢವಢವ ಅನ್ನಬಹುದು, ಅಳುವೂ ಬರಬಹುದು. ಅದು ಏರಿದಾಗಲೇ ಓಡಿಹೋದರೆ ಮನಸ್ಸು ಕಲಿಯುವುದು "ಓಡಿದ್ದಕ್ಕೇ ಪಾರಾದೆ" ಎಂದು. ಇಳಿಯುವವರೆಗೆ ನಿಲ್ಲಿ. ಹತ್ತಿರ ಬಗ್ಗಿ ಚರ್ಮ ಚಿವುಟಬೇಡಿ. "ನಾ ಭಾಳ ಚಂದ ಅದೀನಿ" ಎಂದು ಒತ್ತಾಯದಿಂದ ಜಪಿಸಲೂ ಬೇಡಿ. ನಂಬದ ಹೊಗಳಿಕೆಗೆ ಒಳಗಿನಿಂದ ಎದುರುತ್ತರ ಬಂದು ಇನ್ನಷ್ಟು ಕುಗ್ಗಬಹುದು.

ದಿನಕ್ಕೆ ಗಂಟೆಗಟ್ಟಲೆ ಕನ್ನಡಿಗೆ ಅಂಟುವವರು, ರೂಪಕ್ಕೆ ಅಂಜಿ ಹೊರಗೇ ಹೋಗದವರು, ಊಟ ಬಿಡುವವರು ಒಬ್ಬರೇ ಇದನ್ನು ಮಾಡಕೂಡದು. ಧಾರವಾಡದಲ್ಲಿ ಮಾನಸಿಕ ಆರೋಗ್ಯದ ಸರ್ಕಾರಿ ಆಸ್ಪತ್ರೆ ಡಿಮ್ಹಾನ್ಸ್ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416.

ಕನ್ನಡಿ ರೂಢಿಯಾದ ಮೇಲೆ ಫೋಟೊ. ಅದು ಹೆಚ್ಚು ಕಷ್ಟ, ಯಾಕೆಂದರೆ ಕನ್ನಡಿಯಲ್ಲಿ ಎಡ-ಬಲ ಅದಲುಬದಲಾದ ಮುಖವೇ ನಮಗೆ ಪರಿಚಿತ. ಫೋಟೊದಲ್ಲಿ ಬೈತಲೆಯೂ ಆಚೆ ಕಡೆ ಇರುತ್ತದೆ. ಮುಖದ ಹತ್ತಿರ ಹಿಡಿದ ಸೆಲ್ಫಿ ಮೂಗನ್ನು ಉಬ್ಬಿಸುತ್ತದೆ. 2018ರಲ್ಲಿ ಅಮೆರಿಕದ ವೈದ್ಯರು ಲೆಕ್ಕ ಹಾಕಿದಂತೆ, 30 ಸೆಂ.ಮೀ. ದೂರದ ಸೆಲ್ಫಿಯಲ್ಲಿ ಮೂಗು 1.5 ಮೀಟರ್ ದೂರದ ಫೋಟೊಗಿಂತ ಸುಮಾರು ಶೇ. 30 ಅಗಲ ಕಾಣುತ್ತದೆ. ಮೊಬೈಲನ್ನು ಐದು ಅಡಿ ದೂರದ ಕಿಟಕಿ ಕಟ್ಟೆಗೆ ಆನಿಸಿ, ಟೈಮರ್ ಒತ್ತಿ, ಫಿಲ್ಟರ್ ತೆಗೆದು ಒಂದೇ ಒಂದು ಹೊಡೆದುಕೊಳ್ಳಿ. ಡಿಲೀಟ್ ಮಾಡುವ ಮೊದಲು ಒಂದು ರಾತ್ರಿ ಇಟ್ಟುಕೊಳ್ಳಿ.