ಗ್ಲಾಸ್ ಬಿಗಿ ಆದ್ರೆ ಹ್ಯಾಂಡಲ್ ಮೇಲೆ ಯಾಕ್ರಪ್ಪಾ ಸಿಟ್ಟು?

ಹೋದ ಭಾನುವಾರ ಬೆಳಿಗ್ಗೆ ಅಂಗಳ ಗುಡಿಸ್ತಾ ಇದ್ದೆ, ಶೆಡ್ ಕಡೆಯಿಂದ ಕಟಕ್ ಅಂತ ಸದ್ದು ಬಂತು. ಹೋಗಿ ನೋಡಿದ್ರೆ ನಮ್ಮ ಮೊಮ್ಮಗ ಫಿಯಟ್ ಒಳಗೆ ಕುಂತ್ಕಂಡು, ಒಂದು ಕಾಲು ಡೋರಿಗೆ ಒತ್ತಿ, ಎರಡೂ ಕೈಲಿ ಕಿಟಕಿ ಗ್ಲಾಸ್ ಏರಿಸಿ ಇಳಿಸೋ ಹ್ಯಾಂಡಲ್ ಹಿಡ್ಕಂಡು ಬಾವಿಯಿಂದ ಕೊಡ ಸೇದಿದಂಗೆ ಎಳೀತಾ ಇದಾನೆ. "ಅಜ್ಜಿ, ಡೋರ್ ಒಳಗಿನ ಗ್ಲಾಸ್ ಎತ್ತೋ ಮಷಿನ್ನೇ ಹೋಗೈತೆ, ಹೊಸದು ತರಿಸ್ಬೇಕು" ಅಂದ. ಡೋರ್ ತುಂಬಾ ಎಣ್ಣೆ ಸೋರ್ತಾ ಇತ್ತು. ಗ್ಲಾಸ್ ಸಂದಿಗೆ ಇಂಜಿನ್ ಆಯಿಲ್ ಹುಯ್ದಿದಾನೆ ಮಹಾನುಭಾವ! ನಂಗೆ ಕೈಯಾಗಿನ ಪೊರಕೆ ಅಲ್ಲೇ ಎತ್ತಬೇಕು ಅನ್ನಿಸ್ತು.

ಇವನೊಬ್ಬನೇ ಅಲ್ಲ ಬಿಡ್ರಿ. ನಮ್ಮಣ್ಣನ ಮಗ ಎರಡು ವರ್ಷದ ಹಿಂದೆ ಹಿಂಗೇ ಜಗ್ಗಿ ಹ್ಯಾಂಡಲ್ ಒಳಗಿನ ಹಲ್ಲು ಸವೆಸಿ ಕೂತ, ಆಮೇಲೆ ಎಷ್ಟು ತಿರುಗಿಸಿದ್ರೂ ಬರೀ ಗರಗರ, ಗ್ಲಾಸ್ ಅಲ್ಲಾಡ್ಲೇ ಇಲ್ಲ. ಪಕ್ಕದ ಮನೆ ಹುಡುಗ ಅಂಬಾಸಿಡರ್ ತಂದವನು ತುಕ್ಕು ಬಿಡಿಸೋ ಸ್ಪ್ರೇ ಹೊಡೆದು ಎರಡು ದಿನ ಖುಷಿ ಪಟ್ಟ, ಮೂರನೇ ದಿನ ಮೊದಲಿಗಿಂತ ಬಿಗಿ. ಈಗಿನೋರಿಗೆ ಬಟನ್ ಒತ್ತಿ ಅಭ್ಯಾಸ, ಕೈಗೆ ಏನು ಹೇಳ್ತೈತೆ ಅಂತ ಕೇಳಿಸ್ಕಳ್ಳೋ ತಾಳ್ಮೆ ಇಲ್ಲ. ಹಂಗಾಗಿ ಒಂದ್ಸಲ ಬರ್ದೇ ಬಿಡಾಣ ಅಂತ ಕುಂತೆ.

ಗಾಡಿ ಬಗ್ಗೆ ಎರಡು ಮಾತು. ಪೇಪರ್ನಾಗೆ ಪ್ರೀಮಿಯರ್ ಪದ್ಮಿನಿ ಅಂತೈತೆ, ನಮ್ಮನೇಲಿ ಯಾರೂ ಹಂಗೆ ಕರೆದಿಲ್ಲ, ಫಿಯಟ್ ಅಂದ್ರೆ ಫಿಯಟ್. ಬಾಂಬೆ ಕುರ್ಲಾದಾಗೆ ತಯಾರಾಗಿದ್ದು, 1089 ಸಿಸಿ ಇಂಜಿನ್ನು, ಗೇರು ಸ್ಟೇರಿಂಗ್ ಪಕ್ಕದಾಗೆ. ನಮ್ಮನೆಯೋರು ದುಡ್ಡು ಕಟ್ಟಿ ವರ್ಷಗಟ್ಟಲೆ ಕಾದು ತಗಂಡಿದ್ದು, 1983ರಾಗೆ ಮನೆಗೆ ಬಂತು. ಆವಾಗಿನ್ನೂ ದಾವಣಗೆರೆ ಚಿತ್ರದುರ್ಗ ಜಿಲ್ಲೆ ಒಳಗೇ ಇತ್ತು, ಬೇರೆ ಜಿಲ್ಲೆ ಆಗಿದ್ದು 1997ರಾಗೆ. ಯಾವ ಸಣ್ಣ ಕೆಲಸಕ್ಕೂ ದುರ್ಗಕ್ಕೆ ಓಡಬೇಕಿತ್ತು. ಹಂಗೆ ಒಂದ್ಸಲ ಆಫೀಸ್ ಕೆಲಸ ಮುಗಿಸ್ಕಂಡು ವಾಪಸ್ ಬರಬೇಕಾದ್ರೆ ಭರಮಸಾಗರದ ಹತ್ರ ಮಳೆ ಹಿಡ್ಕಂತು, ನನ್ನ ಕಡೆ ಗ್ಲಾಸ್ ಅರ್ಧಕ್ಕೆ ನಿಂತಿದ್ದು ಮೇಲಕ್ಕೆ ಬರ್ಲೇ ಇಲ್ಲ. ಅಲ್ಲಿಂದ ಆನಗೋಡು ದಾಟಿ ಮನೆ ಸೇರೋ ತನಕ ಕಾರೊಳಗೆ ಛತ್ರಿ ಬಿಚ್ಕಂಡು ಕುಂತಿದ್ದೆ, ಮಡಿಲಾಗಿದ್ದ ಕೂಸು ಛತ್ರಿ ನೋಡಿ ನಗ್ತಾ ಇತ್ತು, ನಮ್ಮನೆಯೋರು ನನ್ನ ಮುಖ ನೋಡೋ ಧೈರ್ಯ ಮಾಡ್ಲಿಲ್ಲ.

ಮಾರನೇ ದಿನ ಪಿ.ಬಿ. ರೋಡಿನ ಒಬ್ಬರು ವಯಸ್ಸಾದ ಮಿಸ್ತ್ರಿ ಬಂದು ನೋಡಿದ್ರು. ಹ್ಯಾಂಡಲ್ ಮುಟ್ಲೇ ಇಲ್ಲ ಅವರು. ಒಳಗೊಂದು ಅಂಗೈ ಹೊರಗೊಂದು ಅಂಗೈ ಇಟ್ಟು ಗ್ಲಾಸನ್ನ ಮಧ್ಯೆ ಹಿಡ್ಕಂಡು "ಅಕ್ಕಾ, ಈಗ ನೀವು ಮೆಲ್ಲಗೆ ತಿರುಗಿಸ್ರಿ" ಅಂದ್ರು. ಅವರು ಮೇಲಕ್ಕೆ ಎತ್ತಿಕೊಟ್ಟಂಗೆ ಗ್ಲಾಸ್ ಸರಸರ ಬಂತು. "ಮಷಿನ್ ಚೆನ್ನಾಗೈತೆ, ಚಾನಲ್ ಹಿಡ್ದೈತೆ" ಅಂದ್ರು, ಅಷ್ಟೇ. ಈ ಪರೀಕ್ಷೆ ಮೊದಲು ಮಾಡ್ರಿ, ಆಮೇಲೆ ಪಾನಾ ಹುಡುಕ್ರಿ. ಕೈ ಆಸರೆ ಕೊಟ್ಟಾಗ ಹಗುರ ಆದ್ರೆ ತಪ್ಪು ಚಾನಲ್ಲಿಂದು. ಆಸರೆ ಕೊಟ್ರೂ ಶುರುವಿಂದ ಕೊನೇ ತನಕ ಒಂದೇ ಸಮ ಬಿಗಿ, ಕರಕರ ಸದ್ದು ಬೇರೆ ಅಂದ್ರೆ ಮಷಿನ್ ಕಡೆ ನೋಡ್ಬೇಕು. ಗ್ಲಾಸ್ ಒಂದು ಕಡೆ ಮೂತಿ ಎತ್ಕಂಡು ಸೊಟ್ಟ ಬರ್ತಿದ್ರೆ ಒಳಗೆ ಎಲ್ಲೋ ಬೋಲ್ಟ್ ಸಡಿಲ ಆಗೈತೆ. ನಾನು ನೋಡಿದ ಮಟ್ಟಿಗೆ ಹತ್ತರಾಗೆ ಎಂಟು ಸಲ ಚಾನಲ್ಲೇ.

ಚಾನಲ್ ಅಂದ್ರೆ ಗ್ಲಾಸ್ ಓಡೋ ಎರಡು ಪಕ್ಕದ ಸಂದು. ಫಿಯಟ್ ಮುಂದಿನ ಡೋರಲ್ಲಿ ಮೂರು ಮೂಲೆ ಸಣ್ಣ ಗ್ಲಾಸ್ ಐತಲ್ಲ, ಅದರ ಪಕ್ಕದ ಉದ್ದ ಕಂಬದೊಳಗೆ ಒಂದು, ಹಿಂದಿನ ಕಡೆ ಚೌಕಟ್ಟಿನೊಳಗೆ ಒಂದು. ಒಳಗೆ ರಬ್ಬರಿನ ಮೇಲೆ ಮಖಮಲ್ ತರ ಮೆತ್ತನೆ ಪಟ್ಟಿ ಇರ್ತತೆ. ಆ ಮಖಮಲ್ಲಿನ ಕೂದಲಿಗೆ ಧೂಳು ಕೂತು ಕೂತು ಗಟ್ಟಿ ಆಗಿ ಗ್ಲಾಸನ್ನ ಹಲ್ಲಲ್ಲಿ ಕಚ್ಚಿದಂಗೆ ಹಿಡೀತತೆ. ಅದೂ ನಮ್ಮೂರ ಧೂಳು! ಬೇಸಿಗೆ ಗಾಳಿಗೆ ಬರೋ ಮಣ್ಣು ಒಂದು ಕಡೆ, ಮಂಡಕ್ಕಿ ಭಟ್ಟಿ ಕಡೆಯಿಂದ ಬರೋ ಮಸಿ ಒಂದು ಕಡೆ, ಎರಡೂ ಸೇರಿದ ಮೇಲೆ ಯಾವನೋ ಎಣ್ಣೆ ಹುಯ್ದ ಅಂದ್ರೆ ಅದು ಧೂಳಲ್ಲ, ಡಾಂಬರು. ಎಣ್ಣೆ ಗ್ರೀಸು ರಬ್ಬರಿಗೆ ಆಗಿಬರಲ್ಲ, ರಬ್ಬರು ಉಬ್ಬಿ ಅಂಟಂಟಾಗಿ ಇನ್ನೂ ಬಿಗಿ ಹಿಡೀತತೆ. ದೋಸೆಗೆ ಬೆಣ್ಣೆ ಹಾಕ್ದಂಗೆ ಎಲ್ಲಾದಕ್ಕೂ ಹಾಕ್ಬಾರ್ದು.

ರಬ್ಬರ್ ಅಂದಾಗ ನೆನಪಾಯ್ತು, ನಮ್ಮ ಸೊಸೆ ಕುಕ್ಕರ್ ತೊಳೆದು ಗ್ಯಾಸ್ಕೆಟ್ ಮುಚ್ಚಳದಾಗೇ ಸಿಕ್ಕಿಸಿ ಬಿಗಿಯಾಗಿ ಮುಚ್ಚಿಡ್ತಾಳೆ. ಬಿಚ್ಚಿ ತೊಳೆದು ಬೇರೆ ಒಣಗಿಸಿ ಮೊಳೆಗೆ ನೇತಾಕು ಅಂತ ಎಷ್ಟು ಸಲ ಹೇಳೋದು, ಮೂರು ತಿಂಗಳಿಗೆ ಒಂದು ಗ್ಯಾಸ್ಕೆಟ್ ತರ್ತಾರೆ, ಮೇಲೆ ಕಂಪನಿ ಬೈತಾರೆ. ಇರ್ಲಿ.

ಈಗ ನನ್ನ ಕೆಲಸ ಹೇಳ್ತೀನಿ, ಇದನ್ನ ಮಾತ್ರ ಯಾರೂ ಶಾರ್ಟ್‌ಕಟ್ ಮಾಡ್ಬೇಡ್ರಿ. ಒಂದು ಬಿದಿರ ದಬ್ಬೆ ಬೇಕು, ಸ್ಟೀಲ್ ಸ್ಕೇಲ್ ಅಲ್ಲ, ಸ್ಕ್ರೂಡ್ರೈವರ್ ಅಂತೂ ಅಲ್ಲವೇ ಅಲ್ಲ, ಅದು ಮಖಮಲ್ ಹರೀತತೆ, ಗ್ಲಾಸಿಗೆ ಗೀರು ಬೀಳ್ತತೆ. ದಬ್ಬೆ ಒಂದು ಗೇಣಿಗಿಂತ ಸ್ವಲ್ಪ ಉದ್ದ, ಬಟ್ಟೆ ಸುತ್ತಿದ ಮೇಲೆ ಚಾನಲ್ ಒಳಗೆ ಬಿಗಿಯಾಗಿ ಕೂರಬೇಕು, ಆದ್ರೆ ಓಡಾಡಬೇಕು, ಅಷ್ಟು ದಪ್ಪ. ತುದಿ ಕಲ್ಲಿಗೆ ತಿಕ್ಕಿ ಗುಂಡಗೆ ಮಾಡ್ಕಳ್ರಿ. ಬಟ್ಟೆ ಅಂದ್ರೆ ಹಳೇ ಹತ್ತಿ ಪಂಚೆ, ತೊಳೆದೂ ತೊಳೆದೂ ಬೆಣ್ಣೆ ಆಗಿರಬೇಕು. ನಮ್ಮಪ್ಪ ಇಲ್ಲೇ ಹತ್ತಿ ಮಿಲ್ಲಲ್ಲಿ ಇದ್ದೋರು, ದಾವಣಗೆರೆನ ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ದ ಕಾಲ ಅದು, ಮನೆ ತುಂಬಾ ಹತ್ತಿ ಬಟ್ಟೆ. ಈಗ ಹತ್ತಿ ಅಂತ ಕೊಡೋದ್ರಾಗೆ ಅರ್ಧ ಪಾಲಿಸ್ಟರ್, ಅದು ನೀರೂ ಹೀರಲ್ಲ ಕೊಳೆನೂ ಹಿಡಿಯಲ್ಲ, ಬರೀ ಜಾರ್ತತೆ. ಗೊತ್ತಾಗ್ಲಿಲ್ಲ ಅಂದ್ರೆ ಒಂದು ದಾರ ಎಳೆದು ಸುಡ್ರಿ, ಬೂದಿ ಆದ್ರೆ ಹತ್ತಿ, ಮುದ್ದೆ ಆದ್ರೆ ಬಿಸಾಕ್ರಿ.

ಬಟ್ಟೆನ ಎರಡು ಬೆರಳಗಲ ಹರ್ಕಂಡು, ಕತ್ತರಿ ಬೇಡ ಕೈಯಲ್ಲೇ ಹರೀರಿ ನೇರ ಬರ್ತತೆ, ದಬ್ಬೆ ತುದಿಗೆ ಸುತ್ತಿ ದಾರದಿಂದ ಬಿಗೀರಿ. ಗಂಟು ದಬ್ಬೆಯ ಮೇಲಿನ ಕಡೆ ಬರಬೇಕು, ಒಳಗೆ ಹೋಗೋ ಕಡೆ ಗಂಟು ಬಂದ್ರೆ ಅಲ್ಲೇ ಸಿಕ್ಕಾಕಂತತೆ. ಹಿಂಗೆ ನಾಲ್ಕೈದು ದಬ್ಬೆ ಮೊದಲೇ ಮಾಡಿಟ್ಕಳ್ರಿ. ಹಿಂದಿನ ರಾತ್ರಿ ಒಂದು ಹಿಡಿ ಅಂಟುವಾಳ ನೆನೆ ಹಾಕಿರಬೇಕು, ರೇಷ್ಮೆ ಸೀರೆಗೆ ಮಾಡ್ತೀವಲ್ಲ ಅದೇ ಹದ, ಕಿವುಚಿ ಸೋಸಿದ ನೀರು. ಅಂಟುವಾಳ ಎಲ್ಲಿ ತರಾಣ ಅನ್ನೋರು ತಲೆಗೆ ಹಾಕೋ ಶಾಂಪೂ ನಾಲ್ಕು ಹನಿ ಬಿಸಿನೀರಿಗೆ ಹಾಕ್ಕಳ್ರಿ, ಬಟ್ಟೆ ಸೋಪಿನ ಪುಡಿ ಬೇಡ, ಅದು ಒಣಗಿದ ಮೇಲೆ ತಾನೇ ಒಂದು ಪದರ ಕೂರ್ತತೆ.

ಗ್ಲಾಸ್ ಪೂರ್ತಿ ಕೆಳಗಿಳಿಸಿ. ಮೊದಲು ಒಣ ಬಟ್ಟೆ ಸುತ್ತಿದ ದಬ್ಬೆ, ಮೇಲಿಂದ ಕೆಳಕ್ಕೆ ಒಂದೇ ದಿಕ್ಕಿಗೆ, ಹಿಂದೆ ಮುಂದೆ ತಿಕ್ಕಬಾರದು, ಧೂಳು ಒಳಗೇ ಅರೆದಂಗಾಗ್ತತೆ. ಆಮೇಲೆ ನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿದ್ದು, ಹನಿ ಬೀಳಬಾರದು. ಮೊದಲ ಸಲ ಹೊರಗೆ ಬರೋ ಬಣ್ಣ ನೋಡ್ಬೇಕು ನೀವು, ಕಾಡಿಗೆ! ಎರಡನೇ ಸಲ ಕೆಂಪು, ಅದು ದುರ್ಗದ ರೋಡಿನ ಮಣ್ಣು. ಬಟ್ಟೆ ಬದಲಿಸ್ತಾ ಬದಲಿಸ್ತಾ ಪಂಚೆ ಪಂಚೆ ಬಣ್ಣದಾಗೇ ಹೊರಗೆ ಬರೋ ತನಕ ಬಿಡಬಾರದು, ನಮ್ಮ ಗಾಡಿಗೆ ಮೊನ್ನೆ ಒಂದು ಡೋರಿಗೇ ಹನ್ನೊಂದು ತುಂಡು ಹೋದ್ವು, ಎಣ್ಣೆ ಹುಯ್ದ ಪುಣ್ಯಾತ್ಮನ ದಯೆ. ಕೈಗೆ ಗೊತ್ತಾಗ್ತತೆ, ಕೊಳೆ ಇದ್ದಾಗ ದಬ್ಬೆ ಕಚ್ಚಿ ಕಚ್ಚಿ ಹೋಗ್ತತೆ, ಶುದ್ಧ ಆದ ಮೇಲೆ ಬೆಕ್ಕಿನ ಬೆನ್ನು ಸವರಿದಂಗೆ. ಕೊನೇಗೆ ಬರೀ ನೀರಿನ ಬಟ್ಟೆ ಒಂದು ಸಲ. ಗ್ಲಾಸಿನ ಎರಡೂ ಅಂಚನ್ನೂ ಮೇಲೆತ್ತಿ ಒರೆಸಿ, ಮರೀಬೇಡ್ರಿ.

ಆಮೇಲೆ ಗ್ಲಾಸ್ ಇಳಿಸಿ ರಾತ್ರಿಯಿಡೀ ಹಂಗೇ ಬಿಡ್ರಿ. ಇಲ್ಲೇ ಎಲ್ಲರೂ ಅವಸರ ಮಾಡೋದು. ಹಸಿ ಇರೋವಾಗ ಪೌಡರ್ ಹಾಕಿದ್ರೆ ರೊಟ್ಟಿ ಹಿಟ್ಟು ಕಲಸಿದಂಗಾಗಿ ಮತ್ತೆ ಮೊದಲಿನ ಕಥೆ. ಬೆರಳಿಟ್ಟು ನೋಡ್ರಿ, ತಣ್ಣಗನ್ನಿಸಿದ್ರೆ ಇನ್ನೂ ಒಣಗಿಲ್ಲ. ಒಣಗಿದ ಮೇಲೆ ಪಂಕ್ಚರ್ ಅಂಗಡೀಲಿ ಟ್ಯೂಬಿಗೆ ಸವರೋ ಫ್ರೆಂಚ್ ಚಾಕ್ ಪೌಡರ್ ಒಂದು ಚಿಟಿಕೆ ಇಸ್ಕಂಡು, ಇಲ್ದಿದ್ರೆ ಮುಖಕ್ಕೆ ಹಾಕೋ ಪೌಡರ್ರೇ ಸಾಕು, ಒಣ ದಬ್ಬೆಗೆ ಸವರ್ಕಂಡು ಚಾನಲ್ ಒಳಗೆ ಓಡಿಸಿ. ಹೆಚ್ಚಾಗಿದ್ದು ಊದಿ ತೆಗೀರಿ. ಗ್ಲಾಸನ್ನ ಹತ್ತು ಸಲ ಮೇಲೆ ಕೆಳಗೆ ಮಾಡ್ರಿ, ಅಂಚಿಗೆ ಬಂದ ಬಿಳಿ ಒರೆಸ್ರಿ. ಮೊಮ್ಮಗ ಸಿಲಿಕೋನ್ ಸ್ಪ್ರೇ ಅಂತ ಒಂದು ತೋರಿಸಿದ, ಅದು ರಬ್ಬರಿಗೆ ಆಗ್ತತಂತೆ, ಹಾಕ್ಕಳ್ರಿ ಬೇಡ ಅನ್ನಲ್ಲ, ಆದ್ರೆ ಕೊಳೆ ತೆಗೀದೆ ಮೇಲೆ ಹೊಡೆದ್ರೆ ಅದೂ ದಂಡ.

ಇಷ್ಟಾದ ಮೇಲೂ ಬಿಗಿ ಅಂದ್ರೆ ಮಾತ್ರ ಡೋರ್ ಪ್ಯಾಡ್, ಅಂದ್ರೆ ಡೋರಿನ ಒಳಗಡೆ ಮುಚ್ಚಿರೋ ಹಲಗೆ, ಬಿಚ್ಚಬೇಕು. ಹ್ಯಾಂಡಲ್ ಒಂದೊಂದು ಗಾಡೀಲಿ ಒಂದೊಂದು ತರ, ಕೆಲವಕ್ಕೆ ಸ್ಕ್ರೂ, ಕೆಲವಕ್ಕೆ ಅಡ್ಡ ಪಿನ್ನು. ಮಗನ ಹಳೇ ಮಾರುತಿ 800ಗೆ ಲಾಳದ ತರ ಸಣ್ಣ ಕ್ಲಿಪ್ಪು, ಅದಕ್ಕೂ ಪಂಚೆ ತುಂಡೇ. ಹ್ಯಾಂಡಲ್ ಹಿಂದೆ ಬಟ್ಟೆ ತೂರಿಸಿ ಶೂ ಪಾಲಿಶ್ ಮಾಡಿದಂಗೆ ಆ ಕಡೆ ಈ ಕಡೆ ಎಳೆದ್ರೆ ಕ್ಲಿಪ್ಪಿನ ಕಾಲಿಗೆ ಸಿಕ್ಕಿ ಟಪ್ಪಂತ ಹಾರ್ತತೆ, ಹಾರಿದ್ದು ಸೀಟ್ ಕೆಳಗೆ ಹೋದ್ರೆ ಅರ್ಧ ದಿನ ಹುಡುಕಬೇಕು, ಮೇಲೆ ಇನ್ನೊಂದು ಕೈ ಅಡ್ಡ ಇಟ್ಕಳ್ರಿ. ಒಳಗೆ ಹಲ್ಲಿನ ಚಕ್ರ, ತೋಳು, ತೋಳಿನ ತುದೀಲಿ ರೋಲರು. ಹಳೇ ಗ್ರೀಸು ಬೆಲ್ಲದ ಪಾಕ ಏರಿದಂಗೆ ಗಟ್ಟಿ ಆಗಿರ್ತತೆ, ಡೀಸೆಲ್ ಅದ್ದಿದ ಬಟ್ಟೇಲಿ ಒರೆಸಿ, ರಬ್ಬರಿಗೆ ತಾಗಿಸ್ದಂಗೆ, ಹೊಸ ಗ್ರೀಸು ಗೋಲಿ ಗಾತ್ರ ಸಾಕು. ದೊಡ್ಡ ಸುರುಳಿ ಸ್ಪ್ರಿಂಗ್ ಕಂಡ್ರೆ ಅದರ ತಂಟೆಗೆ ಹೋಗ್ಬೇಡ್ರಿ, ಬೆರಳು ಹೋಗ್ತತೆ, ಅದು ಮಿಸ್ತ್ರಿ ಕೆಲಸ. ಡೋರ್ ಬಿಚ್ಚಿದಾಗಲೇ ತಳದ ಅಂಚಿನ ನೀರು ಹೋಗೋ ತೂತುಗಳಿಗೆ ತೆಂಗಿನ ಪೊರಕೆ ಕಡ್ಡಿ ಒಂದ್ಸಲ ಹಾಕ್ಬಿಡ್ರಿ. ಅದು ಕಟ್ಟಿದ್ರೆ ನೀರು ಒಳಗೇ ನಿಂತು ಡೋರ್ ತಳ ಹಪ್ಪಳ ಆಗ್ತತೆ.

ಮೊನ್ನೆ ನಮ್ಮ ಹುಡುಗನ ಕೈಲೇ ಎಲ್ಲಾ ಮಾಡಿಸಿದೆ, ನಾನು ಪಕ್ಕದಾಗೆ ಸ್ಟೂಲ್ ಹಾಕ್ಕಂಡು ಅವರೆಕಾಯಿ ಸುಲೀತಾ ಕುಂತಿದ್ದೆ. ಈಗ ಗ್ಲಾಸ್ ಎರಡು ಬೆರಳಲ್ಲಿ ತಿರುಗಿಸಿದ್ರೆ ಬರ್ತತೆ. "ಅಜ್ಜಿ, ನಾನೇ ರಿಪೇರಿ ಮಾಡಿದ್ದು" ಅಂತ ಫ್ರೆಂಡ್ಸಿಗೆ ವಿಡಿಯೋ ಕಳಿಸಿದಾನೆ. ಆದ್ರೆ ಹ್ಯಾಂಡಲ್ ವಾಪಸ್ ಹಾಕುವಾಗ ಗ್ಲಾಸ್ ಮುಚ್ಚಿದ್ರೆ ಹ್ಯಾಂಡಲ್ ತುದಿಯ ಹಿಡಿ ಎಲ್ಲಿ ಬರ್ತತೆ ಅಂತ ನೋಡ್ಲಿಲ್ಲ, ಕೂತೋರ ಮೊಣಕಾಲಿಗೆ ಸರಿಯಾಗಿ ಬಡಿಯೋ ಹಂಗೆ ಹಾಕಿದಾನೆ. ನಿನ್ನೆ ಮಾರ್ಕೆಟ್ಟಿಗೆ ಹೋಗಿ ಬರೋದ್ರೊಳಗೆ ನಂಗೆ ಮೂರು ಸಲ ಬಡೀತು. ಸಂಜೆ ಕಾಲೇಜಿಂದ ಬರ್ಲಿ, ಕಾಫಿ ಆಮೇಲೆ, ಮೊದಲು ಅದನ್ನ ಬಿಚ್ಚಿ ತಿರುಗಿಸಿ ಹಾಕ್ಲಿ.