ಡಾಲ್ಫಿನ್ ಬಾಗಿಲಿನ ಬಿರುಕು: ನನ್ನ ಅನುಭವ

ಮೂರು ಮಳೆಗಾಲ ಕಳೆಯಿತು, ನನ್ನ ಹಳೆಯ ಕಾರಿನ ಬಾಗಿಲು ಮತ್ತೆ ಬಿರುಕು ಬಿಟ್ಟಿಲ್ಲ. ಅದಕ್ಕೇ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಗಾಡಿ ಸಿಪಾನಿ ಡಾಲ್ಫಿನ್. ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರು ನೋಡಿ ನಮ್ಮ ಬೆಂಗಳೂರಿನಲ್ಲಿ ಮಾಡಿದ್ದು. 848 ಸಿಸಿ ಅಲ್ಯೂಮಿನಿಯಂ ಎಂಜಿನ್, ಎರಡು ಬಾಗಿಲು, ಕೆಳಗೆ ಕಬ್ಬಿಣದ ಚೌಕಟ್ಟು (ಚಾಸಿ), ಮೇಲೆಲ್ಲ ಫೈಬರ್, ಅಂದರೆ ಗಾಜಿನ ನಾರು ಸೇರಿಸಿದ ಪ್ಲಾಸ್ಟಿಕ್. 1983ರ ಕೊನೆಗೆ ಮಾರುತಿ 800 ಬಂತು, ಜನ ಇದನ್ನು ಮರೆತರು. ಹುಬ್ಬಳ್ಳಿಯಲ್ಲಿ ಮಾವನ ಹಿತ್ತಲಲ್ಲಿ ಧೂಳು ತಿನ್ನುತ್ತಿತ್ತು. ಟೆಂಪೋದಲ್ಲಿ ಹಾಕಿಕೊಂಡು ಪುಣೆಗೆ, ಕೋಥ್ರೂಡಿನ ನಮ್ಮ ಮನೆ ಶೆಡ್ಡಿಗೆ ತಂದೆ.

ಎಡ ಬಾಗಿಲಿನ ಕೆಳಗಿನ ಬಿಜಾಗರಿಯ ಬೋಲ್ಟಿನಿಂದ ಶುರುವಾಗಿ ಒಂದು ಗೇಣುದ್ದ ಬಿರುಕು. ಬಾಗಿಲು ಜೋತು ಬಿದ್ದಿತ್ತು, ಎತ್ತಿ ಹಾಕಬೇಕಿತ್ತು. ಒಂದು ವರ್ಕ್‌ಶಾಪಿನವರು ಪುಟ್ಟಿ ತುಂಬಿ ಬಣ್ಣ ಹೊಡೆದು 4,500 ತೆಗೆದುಕೊಂಡರು. ಎರಡು ತಿಂಗಳಿಗೆ ಅದೇ ಗೆರೆ ಮತ್ತೆ ಕಾಣಿಸಿತು. ಇನ್ನೊಬ್ಬರು ತಗಡು ಇಟ್ಟು ರಿವೆಟ್ ಹೊಡೀರಿ ಅಂದರು. ಪಕ್ಕದ ಮನೆಯ ವಿಜಯಪುರದ ಕಾಕಾ, ಭೋಸರಿಯಲ್ಲಿ ಲೇತ್ ನಡೆಸುವವರು, ನೋಡಿ ನಕ್ಕರು. "ಒಡದ ಬಕೀಟಿಗೆ ತ್ಯಾಪಿ ಹಚ್ಚಿದಂಗ ಆಗ್ತದ ತಮ್ಮಾ, ಬಿಟ್ಟಬಿಡು."

ನಾನು ಬಿಡಲಿಲ್ಲ. ಮೊದಲ ಸಲ ಜುಲೈನಲ್ಲಿ ನಾನೇ ಫೈಬರ್ ಹಚ್ಚಲು ಕೂತೆ. ಗಾಳಿಯಲ್ಲೆಲ್ಲ ನೀರು. ಫೈಬರಿನ ಅಂಟುದ್ರವ, ಅಂದರೆ ರೆಸಿನ್, ಮೂರು ದಿನವಾದರೂ ಬೆಲ್ಲದ ಪಾಕದ ಹಾಗೆ ಅಂಟಂಟು. ಸಿಟ್ಟಿಗೆ ಎರಡನೇ ಸಲ ಅದನ್ನು ಗಟ್ಟಿ ಮಾಡುವ ಹಾರ್ಡನರ್ ಜಾಸ್ತಿ ಸುರಿದೆ. ಮಗ್ಗು ಕೈ ಸುಡುವಷ್ಟು ಬಿಸಿಯಾಗಿ ಹೊಗೆ ಬಂತು. ಹಚ್ಚಿದ್ದು ಮರುದಿನ ಹಪ್ಪಳದ ಹಾಗೆ ಎದ್ದು ಬಂತು. ಎರಡು ಸಾವಿರ ನೀರಲ್ಲಿ ಹೋಯಿತು.

ತಪ್ಪು ಎಲ್ಲಿ ಅಂತ ಆಮೇಲೆ ತಿಳಿಯಿತು. ಎಲ್ಲರೂ ಹೊರಗಿನಿಂದ ಮುಚ್ಚುತ್ತಿದ್ದೆವು. ಬಾಗಿಲಿನ ಭಾರವೆಲ್ಲ ಒಳಗಡೆ ಒಂದು ಪುಟ್ಟ ವಾಷರ್ ಮೇಲೆ ಕೂತಿತ್ತು. ಫೈಬರ್ ಒಂದೇ ಜಾಗದಲ್ಲಿ ಅಷ್ಟು ಎಳೆತ ತಡೆಯಲ್ಲ, ಅಲ್ವಾ?

ಮೂರನೇ ಸಲ ಡಿಸೆಂಬರ್‌ವರೆಗೆ ಕಾದೆ. ಬಿರುಕಿನ ತುದಿಗೆ 3 ಎಂಎಂ ತೂತು ಕೊರೆದೆ, ಮುಂದೆ ಓಡಬಾರದು ಅಂತ. ಒಳಗಿನಿಂದ ಎರಡೂ ಕಡೆ ಮೂರು ಮೂರು ಇಂಚು ಇಳಿಜಾರಾಗಿ ಉಜ್ಜಿದೆ. ಬಣ್ಣದ ಚೂರೂ ಉಳಿಯಬಾರದು. ಗಾಜಿನ ನಾರಿನ ಮ್ಯಾಟ್ ನಾಲ್ಕು ಪದರ, ಒಂದಕ್ಕಿಂತ ಒಂದು ದೊಡ್ಡದು. ಬಿಳಿ ಮ್ಯಾಟ್ ರೆಸಿನ್ ಕುಡಿದು ಗಾಜಿನಂತೆ ಆಗುವವರೆಗೆ ಬ್ರಷ್ಷಿನಿಂದ ಕುಟ್ಟಬೇಕು. ಎಲ್ಲಿ ಬಿಳಿ ಚುಕ್ಕೆ ಉಳಿಯಿತೋ ಅಲ್ಲಿ ಗಾಳಿ ಇದೆ ಅಂತಲೇ ಅರ್ಥ. ಹಾರ್ಡನರ್ ಕಿಲೋ ರೆಸಿನ್‌ಗೆ ಸುಮಾರು 15 ಎಂಎಲ್ ಹಾಕಿದ ನೆನಪು. ಬೇಗ ಗಟ್ಟಿಯಾಗಲೆಂದು ಹಾಕುವ ಕೋಬಾಲ್ಟನ್ನು ಮೊದಲು ರೆಸಿನ್‌ನಲ್ಲಿ ಚೆನ್ನಾಗಿ ಕಲಸಿ, ಆಮೇಲೆ ಹಾರ್ಡನರ್. ಅವೆರಡನ್ನೂ ನೇರವಾಗಿ ಸೇರಿಸಿದರೆ ಸಿಡಿಯುತ್ತದೆ, ಗೊತ್ತಿದ್ದರೂ ಇನ್ನೊಮ್ಮೆ ಹೇಳುತ್ತೇನೆ. ಮೇಲ್ಪದರಕ್ಕೆ ಗಾಳಿ ತಾಗಿದರೆ ಅಂಟು ಹೋಗಲ್ಲ. ತೊಳೆದು ಒಣಗಿಸಿದ ಹಾಲಿನ ಕವರ್ ಬಿಗಿಯಾಗಿ ಹೊದಿಸಿದೆ. ಪಕ್ಕದಲ್ಲಿ ರಾತ್ರಿಯಿಡೀ 100 ವ್ಯಾಟಿನ ಬಲ್ಬು.

ಮೂಲೆಯಲ್ಲಿ ರೆಸಿನ್ ಜಾರದಂತೆ ಅದಕ್ಕೆ ನಾನು ಏನು ಬೆರೆಸುತ್ತೇನೆ ಅನ್ನೋದನ್ನು ಮಾತ್ರ ಇಲ್ಲಿ ಬರೆಯಲ್ಲ. ಆರು ತಿಂಗಳು ಕೊಟ್ಟು ಕಲಿತದ್ದು ಅದು.

ಕೊನೆಗೆ ಬೋಲ್ಟಿನ ಹಿಂದೆ ಅಂಗೈ ಅಗಲದ 3 ಎಂಎಂ ಕಬ್ಬಿಣದ ಪ್ಲೇಟ್. ಕತ್ತರಿಸಿ ಕೊಟ್ಟವರು ನಕ್ಕಿದ್ದ ಆ ಕಾಕಾನೇ. ದುಡ್ಡು ಮುಟ್ಟಲಿಲ್ಲ, ಜೋಳದ ರೊಟ್ಟಿ, ಶೇಂಗಾ ಚಟ್ನಿ ಊಟ ಮಾಡಿ ಹೋದರು. ಈ ಮೂರನೇ ಸಲದ ಖರ್ಚು 1,800 ಆಗಿರಬಹುದು.

ಉಳಿದ ರೆಸಿನ್‌ನಲ್ಲಿ ಸ್ಟೆಪ್ನಿ ಕೆಳಗಿನ ತೂತಿಗೆ ಮ್ಯಾಟ್ ಬದಲು ಗೋಣಿ ಬಟ್ಟೆ ಹಾಕಿ ನೋಡಿದೆ. ರೆಸಿನ್ ಎಷ್ಟು ಸುರಿದರೂ ಕುಡಿಯಿತು, ಮುಂದಿನ ಮಳೆಗೆ ಮೆತ್ತಗಾಯಿತು. ಕಿತ್ತು ಹಾಕಿದೆ.

ಇನ್ನೊಂದು ಸಂಗತಿ. ಇಂಡಿಕೇಟರ್ ಹಾಕಿದರೆ ಬ್ರೇಕ್ ಲೈಟೂ ಮಿನುಗುತ್ತಿತ್ತು. ಎಲೆಕ್ಟ್ರಿಷಿಯನ್ ಒಬ್ಬರು ಮೂರು ಬಲ್ಬು, ದೀಪ ಮಿನುಗಿಸುವ ಒಂದು ಫ್ಲಾಷರ್ ಬದಲಿಸಿ 1,200 ಬಿಲ್ ಮಾಡಿದರು. ಮಿನುಗು ಹಾಗೇ ಇತ್ತು. ತಗಡಿನ ಗಾಡಿಯಾದರೆ ಬಾಡಿಯೇ ಅರ್ಥ್, ಫೈಬರ್‌ನಲ್ಲಿ ಕರೆಂಟ್ ವಾಪಸ್ ಬರೋದು ಎಲ್ಲಿಂದ? ಪಕ್ಕದ ಬಲ್ಬಿನೊಳಗೆ ನುಗ್ಗುತ್ತದೆ. ಒಂದು ಭಾನುವಾರ ಹಿಂದಿನ ದೀಪಗಳಿಂದ ಚಾಸಿಗೆ, ಚಾಸಿಯಿಂದ ಬ್ಯಾಟರಿಗೆ ಬೇರೆಯೇ ಕಪ್ಪು ವೈರ್ ಎಳೆದೆ. ಎಂಟು ಮೀಟರ್ ಹಿಡಿಯಿತು. ಚಾಸಿಯ ಬಣ್ಣ ಕೆರೆದು, ಹೊಳೆಯುವ ಕಬ್ಬಿಣಕ್ಕೇ ವೈರಿನ ತುದಿಯ ಲಗ್ ಬಿಗಿದೆ. ಸಂಜೆಗೆ ಎಲ್ಲ ದೀಪ ಸರಿ.

ಬಲ ಬಾಗಿಲು ಇನ್ನೂ ಬಿರುಕು ಬಿಟ್ಟಿಲ್ಲ. ಆದರೂ ಅದರ ಪ್ಲೇಟನ್ನೂ ಕಾಕಾ ಕತ್ತರಿಸಿ ಇಟ್ಟಿದ್ದಾರೆ. ಈ ಡಿಸೆಂಬರ್‌ಗೆ ಹಾಕುತ್ತೇನೆ.