ಆ ಕಂತಿನಲ್ಲಿ ಹಾಗಿರಲೇ ಇಲ್ಲ!

ನಮ್ಮನೆಯಲ್ಲಿ ಈ ಜಗಳ ಶುರುವಾಗಿದ್ದು ಟಾಮ್ ಅಂಡ್ ಜೆರ್ರಿ ಕಾರ್ಟೂನಿನ ಬೆಕ್ಕು ಟಾಮ್ ಮಾತಾಡುತ್ತಾನೋ ಇಲ್ಲವೋ ಅನ್ನುವುದರಿಂದ. ಅಣ್ಣನ ಮಗಳು ‘ಮಾತಾಡ್ತಾನೆ, ನಾನೇ ಕೇಳಿದೀನಿ’ ಅಂದಳು. ಅವಳ ತಮ್ಮ ‘ಕಿರಿಚ್ತಾನೆ ಅಷ್ಟೇ, ಒಂದ್ಸಲನೂ ಮಾತಾಡಿಲ್ಲ’ ಅಂದ. ರಿಮೋಟಿಗಾಗಿ ಎಳೆದಾಡಿ ಬ್ಯಾಟರಿ ಮುಚ್ಚಳ ಸೋಫಾ ಕೆಳಗೆ ಹೋಯಿತು. ‘ಚಿಕ್ಕಪ್ಪ, ನೀನೇ ಹೇಳು’ ಅಂತ ಇಬ್ಬರೂ ನನ್ನ ಮುಂದೆ ಬಂದು ನಿಂತರು. ಟಾಮ್ ಅಂಡ್ ಜೆರ್ರಿಯನ್ನು ಚಿಕ್ಕಂದಿನಿಂದ ನೋಡಿದವನು ನಾನು. ಯೋಚನೆ ಕೂಡ ಮಾಡದೆ ‘ಮಾತಾಡಲ್ಲ’ ಅಂದುಬಿಟ್ಟೆ.

ತಪ್ಪು ತೀರ್ಪು. 1944ರ ‘ದಿ ಮಿಲಿಯನ್ ಡಾಲರ್ ಕ್ಯಾಟ್’ ಕಂತಿನಲ್ಲಿ ಟಾಮ್‌ಗೆ ಹತ್ತು ಲಕ್ಷ ಡಾಲರ್ ಆಸ್ತಿ ಬರುತ್ತದೆ, ಯಾವ ಪ್ರಾಣಿಗೂ ತೊಂದರೆ ಕೊಡಬಾರದು ಅನ್ನೋ ಷರತ್ತಿನ ಮೇಲೆ. ಕೊನೆಗೆ ತಡೆಯಲಾರದೆ ಜೆರ್ರಿಗೆ ಬಾರಿಸುತ್ತಾನೆ. ಆಗ ನಮ್ಮ ಕಡೆ ತಿರುಗಿ, ದುಡ್ಡು ಹೋಯ್ತು ಆದರೆ ಖುಷಿಯಾಗಿದೀನಿ ಅಂತ ಬಾಯಿಬಿಟ್ಟು ಹೇಳುತ್ತಾನೆ. ಹುಡುಗಿ ಅದನ್ನು ಹುಡುಕಿ ತಂದು ನನ್ನ ಮುಖದ ಮುಂದೆ ಹಿಡಿದಳು. ಅವತ್ತಿನಿಂದ ನಾನು ಬಾಯಿಮಾತಿನ ತೀರ್ಪು ಕೊಡುವುದಿಲ್ಲ. ಒಂದು ನೋಟ್‌ಬುಕ್ ಇಟ್ಟಿದ್ದೇನೆ.

ಇಂಥ ಜಗಳ ಬಂದರೆ ಮೊದಲ ಕೆಲಸ, ಇಬ್ಬರ ಕೈಯಲ್ಲೂ ತಮ್ಮ ಮಾತನ್ನು ಒಂದೇ ಸಾಲಿನಲ್ಲಿ ಬರೆಸಿ. ಕೂಗಾಟದಲ್ಲಿ ಮಾತು ಜಾರುತ್ತಾ ಹೋಗುತ್ತದೆ, ಬರೆದ ಮೇಲೆ ಜಾರುವುದಿಲ್ಲ. ‘ಯಾವತ್ತೂ’, ‘ಒಂದ್ಸಲನೂ’, ‘ಎಲ್ಲಾ ಕಂತಲ್ಲೂ’ ಅನ್ನೋ ಪದಗಳ ಕೆಳಗೆ ಗೀಟು ಎಳೆಯಿರಿ. ಥಿಯೇಟರಿಗೆ ಅಂತ ಮಾಡಿದ ಹಳೇ ಟಾಮ್ ಅಂಡ್ ಜೆರ್ರಿ ಕಂತುಗಳೇ 161 ಇವೆ. ‘ಯಾವತ್ತೂ ಇಲ್ಲ’ ಅನ್ನುವವನು ಅಷ್ಟೂ ನೋಡಬೇಕು, ‘ಇದೆ’ ಅನ್ನುವವಳು ಒಂದು ತೋರಿಸಿದರೆ ಸಾಕು. ಹಾಗಾಗಿ ನಮ್ಮಲ್ಲಿ ತೋರಿಸುವ ಹೊಣೆ ಯಾವಾಗಲೂ ‘ಇದೆ’ ಅನ್ನುವವರದ್ದು.

ಪದದ ಅರ್ಥವನ್ನೂ ನೋಡೋಕೆ ಮೊದಲೇ ಗೊತ್ತು ಮಾಡಿಕೊಳ್ಳಿ. ‘ಬ್ಲೂ ಕ್ಯಾಟ್ ಬ್ಲೂಸ್’ ಕಂತನ್ನು ಪೂರ್ತಿ ಜೆರ್ರಿಯೇ ಹೇಳಿಕೊಂಡು ಹೋಗುತ್ತಾನೆ. ಆದರೆ ಅದು ಮನಸ್ಸಿನೊಳಗಿನ ದನಿ, ತುಟಿ ಅಲ್ಲಾಡುವುದಿಲ್ಲ. ಅದು ಮಾತಾಡಿದ ಹಾಗಾ? ಇದನ್ನು ವಿಡಿಯೋ ನೋಡಿ ಆದಮೇಲೆ ಕೇಳಿದರೆ ಇಬ್ಬರೂ ತಮಗೆ ಬೇಕಾದ ಹಾಗೆ ಹೇಳುತ್ತಾರೆ. ಮಕ್ಕಳು ಅಂತಲ್ಲ, ಅಣ್ಣನೂ ಹಾಗೇ.

ಆಮೇಲೆ ಕೇಳಬೇಕಾದ್ದು: ಯಾವ ಕಾಲದ್ದು, ಯಾವ ಪ್ರತಿ? ಅರ್ಧ ಜಗಳ ಇಲ್ಲೇ ಮುಗಿಯುತ್ತದೆ. ಜೆರ್ರಿ ಕೊರಳಿಗೆ ಕೆಂಪು ಬೋ ಕಟ್ಟಿಕೊಂಡಿದ್ದ, ಟಾಮ್ ಅವನ ಫ್ರೆಂಡ್ ಆಗಿದ್ದ ಅಂತ ಯಾರಾದರೂ ಹೇಳಿದರೆ ನಗಬೇಡಿ. 1975ರ ಟಿವಿ ಸರಣಿಯಲ್ಲಿ ಹಾಗೇ ಇತ್ತು. ಜಪಾನಿನ ಕಾರ್ಟೂನಿನ ರೋಬೋ ಬೆಕ್ಕು ಡೋರೇಮಾನ್ ಮೊದಲು ಹಳದಿ ಇತ್ತು, ನೀಲಿಯಾಗಿದ್ದು ಹೇಗೆ ಅನ್ನೋದಕ್ಕೂ ಎರಡು ಉತ್ತರ. ಮೊದಲಿನ ಕಥೆಯಲ್ಲಿ ಇಲಿ ಕಿವಿ ಕಚ್ಚಿಹಾಕಿದ ಆಘಾತಕ್ಕೆ ಬಣ್ಣ ಹೋಯಿತು. 1995ರ ಸಿನಿಮಾದಲ್ಲಿ ಅತ್ತೂ ಅತ್ತೂ ಹಳದಿ ಬಣ್ಣ ಬಿಟ್ಟುಕೊಂಡಿತು. ಇಬ್ಬರೂ ಗೆದ್ದರು ಅಂತ ಬರೆದು ಮುಚ್ಚಿದೆ. ಇಬ್ಬರಿಗೂ ಸಮಾಧಾನ ಆಗಲಿಲ್ಲ, ಅದು ಬೇರೆ ವಿಷಯ.

ಪ್ರತಿ ಬೇರೆಯಾದರೆ ಎಷ್ಟು ಎಡವಟ್ಟಾಗುತ್ತೆ ಅನ್ನೋದಕ್ಕೆ ನಮ್ಮಲ್ಲಿ ನಡೆದ ದೊಡ್ಡ ಕೇಸು ಹೇಳುತ್ತೇನೆ. ಹಳೇ ಕಂತುಗಳಲ್ಲಿ ಟಾಮ್‌ನನ್ನು ಬೈಯುವ ಮನೆಕೆಲಸದ ಹೆಂಗಸಿನ ಕಾಲು, ಚಪ್ಪಲಿಯೇ ಹೆಚ್ಚಾಗಿ ಕಾಣುತ್ತದೆ ಅಲ್ವಾ? ‘ಅವಳ ಮುಖ ತೋರಿಸಿದ್ದೇ ಇಲ್ಲ’ ಅಂತ ಹುಡುಗ. ‘ತೋರಿಸಿದಾರೆ, ಓಡಿಬರುವಾಗ’ ಅಂತ ಹುಡುಗಿ. 1950ರ ‘ಸಾಟರ್ಡೇ ಈವ್ನಿಂಗ್ ಪಸ್’ ಹಾಕಿದೆವು. ಜೆರ್ರಿ ಫೋನ್ ಮಾಡುತ್ತಾನೆ, ಅವಳು ಮನೆಗೆ ಓಡುತ್ತಾಳೆ. ಸುಮ್ನೆ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಸಿನಿಮಾದಲ್ಲಿ ಒಂದು ಸೆಕೆಂಡಿಗೆ 24 ಫ್ರೇಮು, ಕಣ್ಣು ಮಿಟುಕಿಸಿದರೆ ಹೋಯಿತು. ಯೂಟ್ಯೂಬಿನಲ್ಲಾದರೆ ಕಂಪ್ಯೂಟರಿನಲ್ಲಿ ವಿಡಿಯೋ ನಿಲ್ಲಿಸಿ ಫುಲ್‌ಸ್ಟಾಪ್ ಕೀ ಒತ್ತಿ, ಒಂದೊಂದೇ ಫ್ರೇಮ್ ಮುಂದೆ ಹೋಗುತ್ತದೆ. ಕಾಮಾ ಒತ್ತಿದರೆ ಹಿಂದೆ. ಟಕ್, ಟಕ್, ಟಕ್ ಅಂತ ಒತ್ತುತ್ತಾ ಹೋದೆ. ಓಡಿಬರುವಾಗ ಒಂದು ಕಡೆ ನೆರಳಿನಲ್ಲಿ ಮುಖ ಬಂದೇ ಬಂತು. ಹುಡುಗಿ ಗೆದ್ದಳು.

ಆದರೆ ಹುಡುಗ ಬಿಡಲಿಲ್ಲ. ‘ನಾನು ನೋಡಿದ್ದರಲ್ಲಿ ಆ ಹೆಂಗಸೇ ಇರಲಿಲ್ಲ, ಒಬ್ಬಳು ತೆಳ್ಳಗಿನ ಹುಡುಗಿ ಇದ್ದಳು’ ಅಂದ. ಸೋತ ಸಂಕಟಕ್ಕೆ ಕಟ್ಟಿದ ಕಥೆ ಅಂದುಕೊಂಡೆ. ಅಲ್ಲ! 1960ರ ದಶಕದಲ್ಲಿ ಟಿವಿಗೆ ಹಾಕುವಾಗ ಕಾರ್ಟೂನ್ ನಿರ್ದೇಶಕ ಚಕ್ ಜೋನ್ಸ್ ತಂಡ ಆ ಭಾಗವನ್ನು ಹೊಸದಾಗಿ ಬರೆದು, ಅವಳ ಜಾಗದಲ್ಲಿ ತೆಳ್ಳಗಿನ ಬಿಳಿ ಹುಡುಗಿಯನ್ನು ಕೂರಿಸಿತ್ತು. ಹೆಸರು ಒಂದೇ, ಕಥೆ ಒಂದೇ, ನೋಡಿದ್ದು ಬೇರೆ ಬೇರೆ. ನೋಟ್‌ಬುಕ್ಕಿನಲ್ಲಿ ಈ ಕೇಸಿಗೆ ಒಂದೂವರೆ ಪುಟ ಹೋಗಿದೆ.

ಕಂತಿನ ನಂಬರನ್ನು ನಂಬಿ ವಾದ ಮಾಡಬೇಡಿ. ತಯಾರಾದ ಕ್ರಮ ಬೇರೆ, ಪ್ರಸಾರವಾದ ಕ್ರಮ ಬೇರೆ ಇರಬಹುದು. ಅರ್ಧ ಗಂಟೆಯಲ್ಲಿ ಎರಡು ಮೂರು ಕಥೆ ಸೇರಿಸಿರುತ್ತಾರೆ. ಶುರುವಿನ ಹೆಸರಿನ ಕಾರ್ಡು ನೋಡಿ, ಹೆಸರು ಬರೆದುಕೊಳ್ಳಿ. ಹಳೇ ಕಂತಿನ ಕಾರ್ಡಿನಲ್ಲಿ ರೋಮನ್ ಅಂಕಿಯಲ್ಲಿರುವುದು ಕಾಪಿರೈಟ್ ವರ್ಷ, ಬಿಡುಗಡೆ ಆಮೇಲೂ ಆಗಿರಬಹುದು. ಸಂಭಾಷಣೆಯ ಜಗಳವಾದರೆ ಯಾವ ಭಾಷೆಯ ಡಬ್ಬಿಂಗ್ ಅಂತ ಮೊದಲು ಕೇಳಿ.

‘ಕೊನೇ ಕಂತಲ್ಲಿ ಇಬ್ಬರೂ ಸತ್ತರು’ ಅನ್ನೋ ಮಾತು ಎಲ್ಲಾ ಮಕ್ಕಳ ಬಾಯಲ್ಲೂ ಇದೆ. ಅದೇ ‘ಬ್ಲೂ ಕ್ಯಾಟ್ ಬ್ಲೂಸ್’. ಟಾಮ್ ಜೆರ್ರಿ ಇಬ್ಬರೂ ರೈಲು ಹಳಿ ಮೇಲೆ ಕೂತಿರುತ್ತಾರೆ, ರೈಲಿನ ಕೂಗು ಜೋರಾಗುತ್ತಾ ಮುಗಿಯುತ್ತದೆ. ಸಾಯುವುದನ್ನು ತೋರಿಸಿಲ್ಲ. ಕೊನೆಯದಂತೂ ಅಲ್ಲವೇ ಅಲ್ಲ. ಅದು 1956ರದ್ದು, ಟಾಮ್ ಅಂಡ್ ಜೆರ್ರಿಯನ್ನು ಹುಟ್ಟುಹಾಕಿದ ಹ್ಯಾನಾ ಮತ್ತು ಬಾರ್ಬೆರಾ ಆ ಥಿಯೇಟರ್ ಸರಣಿಯಲ್ಲಿ ಕೊನೆಗೆ ಮಾಡಿದ ‘ಟಾಟ್ ವಾಚರ್ಸ್’ ಬಂದಿದ್ದು 1958ರಲ್ಲಿ. ಇಂಥ ಕಡೆ ವಿಡಿಯೋ ಸಾಲದು, ವರ್ಷಗಳನ್ನು ಪಕ್ಕಪಕ್ಕ ಬರೆಯಬೇಕು.

ಇಬ್ಬರೂ ಒಪ್ಪಿಕೊಂಡರೂ ಒಮ್ಮೆ ನೋಡಿಬಿಡಿ. ಪೋಕೆಮಾನ್ ಕಾರ್ಟೂನಿನ ಹಳದಿ ಪ್ರಾಣಿ ಪಿಕಾಚುವಿನ ಬಾಲದ ತುದಿ ಕಪ್ಪು ಅಂತ ನಮ್ಮಲ್ಲಿ ಮೂವರಿಗೂ ಗ್ಯಾರಂಟಿ ಇತ್ತು. ಕಪ್ಪು ಇರುವುದು ಕಿವಿಯ ತುದಿ. ಬಾಲದ ಬುಡದಲ್ಲಿ ಕಂದು, ತುದಿ ಪೂರ್ತಿ ಹಳದಿ.

ಈಗ ಟಾಮ್ ಅಂಡ್ ಜೆರ್ರಿಯಲ್ಲಿ ಬರುವ ನಾಯಿಯ ಹೆಸರಿನ ಕೇಸು ನಡೆಯುತ್ತಿದೆ. ಸ್ಪೈಕ್ ಅಂತ ಅವನು, ಕಿಲ್ಲರ್ ಅಂತ ಅವಳು. ಹಳೇ ಕಂತುಗಳಲ್ಲಿ ಆ ನಾಯಿಯನ್ನು ಕಿಲ್ಲರ್ ಅಂತಲೂ ಬುಚ್ ಅಂತಲೂ ಕರೆದಿದ್ದಾರೆ ಅನ್ನೋದು ನನಗೆ ಗೊತ್ತು, ಆದರೆ ಬಾಯಿಬಿಟ್ಟಿಲ್ಲ. ಕಂತಿನ ಹೆಸರು, ನಿಮಿಷ, ಸೆಕೆಂಡ್ ಬರೆದುಕೊಂಡು ಬರೋಕೆ ಇಬ್ಬರಿಗೂ ನಾಳೆ ಸಂಜೆವರೆಗೆ ಟೈಮ್ ಕೊಟ್ಟಿದ್ದೇನೆ.